ಅಗ್ಗದ ಬಾಳು ಸರಳ ಬಾಳೆನಿಸುವುದೆ?

ಮಿತವಾಗಿ ಬಾಳಬೇಕೆಂಬುದನ್ನು ನಮ್ಮ ಗೃಹಸ್ಥರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲರೂ ಬೆಳೆದವರು. ಆದರೆ ಆ ಹಾಸಿಗೆಯನ್ನು ಹೊಲಿದವರು ಯಾರು, ಹೊಲಿದವರ ಕೈಗೆ ಸಂದುದೆಷ್ಟು ಎಂಬ ಮಾತನ್ನು ಗಾದೆಯು ಎತ್ತುವುದಿಲ್ಲ. ಕಾಲು ಚಾಚುವವನ ಅಳತೆಯನ್ನಷ್ಟೇ ಅದು ನೋಡುವುದು. ಇದುವರೆಗೆ ಇದೊಂದು ಕೊರತೆಯೆಂದು ನನಗೂ ತೋರಿರಲಿಲ್ಲ. ಈಚೆಗೆ ನಮ್ಮ ಊರಿನಲ್ಲಿಯೇ ಕಣ್ಣೆದುರಿಗೆ ನಡೆದ ಒಂದು ಸಂಗತಿಯು ನನ್ನನ್ನು ಈ ವಿಚಾರಕ್ಕೆ ಹಚ್ಚಿತು. ಸದ್ಭಕ್ತರಾದ ವಾಚಕರ ಮನೆಗಳಲ್ಲಿಯೂ ಇಂತಹುದು ನಡೆಯುತ್ತಿರಬಹುದಾದುದರಿಂದ ಅದನ್ನು ಇಲ್ಲಿ ಬಿಚ್ಚಿ ಹೇಳುತ್ತೇನೆ.

2020ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕೊರೋನಾ ಜಾಡ್ಯದ ದೆಸೆಯಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತಷ್ಟೆ. ಬೆಂಗಳೂರಿನ ಗಣಕಯಂತ್ರದ ಕಂಪನಿಗಳಲ್ಲಿ ಕೆಲಸಕ್ಕಿದ್ದ ನಮ್ಮ ಸೀಮೆಯ ಮಕ್ಕಳು ಒಬ್ಬೊಬ್ಬರಾಗಿ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಕಡೆಗೆ ಮರಳಿದರು. ವೇದಾವತಿಯ ದಡದ ನಮ್ಮ ಮತ್ತೋಡಿಗೂ ಕೆಲವರು ಬಂದರು. ಮೊದಮೊದಲು ಇವರು ರಜೆಯ ಮೇಲೆ ಬಂದಿರುವರೆಂದೇ ಹಿರಿಯರು ಭಾವಿಸಿದರು. ಹಗಲೆಲ್ಲ ಮಾಳಿಗೆಯ ಮೇಲೆ ಹತ್ತಿ ಸಿಗ್ನಲ್ಲಿಗಾಗಿ ಮೂಲೆಯಿಂದ ಮೂಲೆಗೆ ತಿರುಗುತ್ತಿದ್ದ ಹುಡುಗರನ್ನು ಕಂಡು ನಕ್ಕವರೂ ಉಂಟು. ಇದೇ ಅವರ ಉದ್ಯೋಗ, ತಿಂಗಳ ಸಂಬಳವು ಇದಕ್ಕಾಗಿಯೇ ಬರುತ್ತಿದೆ ಎಂಬುದು ಅರ್ಥವಾಗಲು ಕೆಲವು ದಿನಗಳೇ ಹಿಡಿದುವು. ಮನೆಯಿಂದಲೇ ಇಂತಹ ಕೆಲಸ ಮಾಡಿಸುವುದಕ್ಕೆ ಮೊದಲಿದ್ದ ದೂರಸಂಪರ್ಕ ಇಲಾಖೆಯ ಕಟ್ಟಳೆಗಳನ್ನು ಸರ್ಕಾರವು ಅದೇ ವರ್ಷದ ನವೆಂಬರಿನಲ್ಲಿ ಬಹುಮಟ್ಟಿಗೆ ಸಡಿಲಿಸಿತು. ಜಾಡ್ಯವು ಇಳಿದ ಮೇಲೆ ಹೆಚ್ಚಿನವರು ಪಟ್ಟಣಕ್ಕೆ ಹಿಂದಿರುಗಿದರು. ಕೆಲವರು ಮಾತ್ರ ಇಲ್ಲಿಯೇ ಉಳಿದರು.

ಉಳಿದವರಲ್ಲಿ ಒಬ್ಬ ತರುಣನು ಹಿಂದೆ ನನ್ನ ಪಾಠಶಾಲೆಯಲ್ಲಿ ಓದಿದವನು. ಶೀಲವಂತ, ದುಶ್ಚಟಗಳಿಲ್ಲದವನು, ಬೆಳಗಿನ ಲಿಂಗಪೂಜೆಯನ್ನು ತಪ್ಪಿಸದವನು. ಖರ್ಚುವೆಚ್ಚವನ್ನು ಬರೆದಿಡುವುದು ಅವನ ರೂಢಿ. ಒಂದು ದಿನ ತನ್ನ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ಹರಡಿದನು. ಬೆಂಗಳೂರಿನಲ್ಲಿದ್ದಾಗ ಮನೆಯ ಬಾಡಿಗೆ 22,000 ರೂಪಾಯಿ. ಅಲ್ಲಿಯ ವಾಡಿಕೆಯಂತೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಮನೆಯೊಡೆಯನಲ್ಲಿ ಇರಿಸಬೇಕಾಗಿದ್ದುದರಿಂದ 2,20,000 ರೂಪಾಯಿ ಬಡ್ಡಿಯಿಲ್ಲದೆ ಅಲ್ಲಿ ಕುಳಿತಿತ್ತು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುವಾಗ ಬಾಡಿಗೆಯೂ ಏರುವುದು. ಓಡಾಟ, ಹೋಟೆಲಿನ ಊಟ, ನೀರಿನ ಟ್ಯಾಂಕರು ಎಲ್ಲ ಸೇರಿ ತಿಂಗಳಿಗೆ 48,000 ರೂಪಾಯಿಗಳಾಗುತ್ತಿದ್ದುವು. ಮತ್ತೋಡಿನಲ್ಲಿ ಅದೇ ತರುಣನ ತಿಂಗಳ ಖರ್ಚು 11,000 ರೂಪಾಯಿ ಮಾತ್ರ. ಇದರಲ್ಲಿ ಅಂತರ್ಜಾಲದ ಬಾಬತ್ತು, ವಿದ್ಯುತ್ತು ಹೋದಾಗ ಬೇಕಾಗುವ ಬ್ಯಾಟರಿಯ ಕಂತು, ತಿಂಗಳಿಗೊಮ್ಮೆ ಬೆಂಗಳೂರಿನ ಕಚೇರಿಗೆ ಹೋಗಿ ಬರುವ ಬಸ್ಸಿನ ಚಾರ್ಜು, ಮುಸುರೆ ತಿಕ್ಕಿ ಅಂಗಳ ಸಾರಿಸುವ ಹೆಂಗಸಿಗೆ ಕೊಡುವ 1,200 ರೂಪಾಯಿ ಎಲ್ಲವೂ ಸೇರಿದುವು.

"ಮೇಷ್ಟ್ರೇ, ಇಲ್ಲಿಗೆ ಬಂದ ಮೇಲೆ ನಾನು ಶರಣರು ಹೇಳಿದ ಹಾಗೆ ಸರಳವಾಗಿ ಬಾಳುತ್ತಿದ್ದೇನೆಂದು ನನಗೆ ಅನಿಸುತ್ತದೆ" ಎಂದನು.

ಕೇಳಿ ನನಗೆ ಸಂತೋಷವಾಯಿತು. ಊರು ಬಿಟ್ಟ ಮಕ್ಕಳು ಊರಿಗೆ ಮರಳುವುದು, ಮುಪ್ಪಿನ ತಂದೆತಾಯಿಗಳ ಕಣ್ಮುಂದೆ ಇರುವುದು ಸಣ್ಣ ಮಾತಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಜನ ಕೊಡ ನೀರಿಗೆ ಪಟ್ಟ ಪಾಡನ್ನು ಪತ್ರಿಕೆಗಳಲ್ಲಿ ಓದಿದ ಯಾರೂ ಪಟ್ಟಣವನ್ನು ಬಿಟ್ಟು ಬಂದವನನ್ನು ತಪ್ಪೆನ್ನಲಾರರು. ಆದರೂ ಅವನ 'ಸರಳ' ಎಂಬ ಮಾತು ನನ್ನ ಮನಸ್ಸಿನಲ್ಲಿ ಹರಳಿನಂತೆ ಒತ್ತುತ್ತಲೇ ಇತ್ತು. ಅದೇಕೆಂದು ತಿಳಿಯಲು ಆ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಉಳಿದುದನ್ನು ನೋಡಬೇಕಾಯಿತು.

ಅಮೆರಿಕೆಯ ಪೂರ್ವದ ಪಟ್ಟಣಗಳಿಗೂ ನಮಗೂ ಗಡಿಯಾರದಲ್ಲಿ ಒಂಬತ್ತೂವರೆ ಗಂಟೆಯ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರವುಂಟು. ಅಲ್ಲಿಯವರ ಬೆಳಗ್ಗೆಯೆಂದರೆ ನಮ್ಮ ರಾತ್ರಿಯೂಟದ ಹೊತ್ತು. ತರುಣನು ರಾತ್ರಿ ಎಂಟರಿಂದ ಹನ್ನೊಂದರ ತನಕ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅವರೊಡನೆ ಮಾತನಾಡುವನು. ಆಗ ತಂದೆಯು ಟೆಲಿವಿಷನ್ನಿನ ದನಿಯನ್ನು ಅಡಗಿಸುವರು. ಯಾರಾದರೂ ನೆಂಟರು ಬಂದರೆ ಜಗಲಿಯ ಮೇಲೆಯೇ ಪಿಸುಮಾತಿನಲ್ಲಿ ಆಡಿ ಕಳುಹಿಸುವರು. ತಾಯಿಯು ಮುದ್ದೆಯನ್ನು ಬಿಸಿಯಾಗಿ ಬಡಿಸಬೇಕೆಂದು ಹನ್ನೊಂದರವರೆಗೂ ಒಲೆಯ ಮುಂದೆ ತೂಕಡಿಸುತ್ತ ಕುಳಿತಿರುವಳು. ಮರುದಿನ ಐದಕ್ಕೆ ಆಕೆ ಏಳಲೇಬೇಕು. ಬೆಂಗಳೂರಿನಲ್ಲಿ ಹಣ ಕೊಟ್ಟು ಪಡೆಯುತ್ತಿದ್ದ ಊಟ, ನಿಶ್ಶಬ್ದ, ಕೋಣೆ ಇವೆಲ್ಲವೂ ಇಲ್ಲಿ ಪುಕ್ಕಟೆಯಾಗಿ ದೊರೆತುವು. ಆದರೆ ಆ ಸವಲತ್ತಿಗೆ ಖರ್ಚೇ ಬೀಳಲಿಲ್ಲವೆಂದಲ್ಲ. ಬಿದ್ದ ಖರ್ಚನ್ನು ತಾಯಿಯು ನಿದ್ದೆಯ ರೂಪದಲ್ಲಿ ತೆತ್ತಳು. ಇದನ್ನು ಆಕೆಯ ಮುಂದೆ ಆಡಿದರೆ "ಅಯ್ಯೋ, ಮಗನಿಗೆ ಅನ್ನ ಹಾಕುವುದಕ್ಕೂ ಲೆಕ್ಕವೇ ಮೇಷ್ಟ್ರೇ?" ಎಂದು ನಗುವಳು. ಆಕೆ ಲೆಕ್ಕವಿಡದಿರುವುದು ಆಕೆಯ ದೊಡ್ಡತನ. ಮಗನ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲದಿರುವುದು ಬೇರೆಯ ಮಾತು.

ಇನ್ನು ಊರು ಅಗ್ಗವೇಕೆ ಎಂಬುದನ್ನೂ ವಿಚಾರಿಸಿ ನೋಡಬೇಕು. ಒಂದು ಕಾಲಕ್ಕೆ ಮತ್ತೋಡು ಗಾಜಿನ ಬಳೆಗೆ ಹೆಸರಾದ ಸ್ಥಳ. ಇಲ್ಲಿಯ ಕುಲುಮೆಗಳ ಮಾತು ಹಳೆಯ ಮೈಸೂರು ಗೆಜೆಟಿಯರಿನಲ್ಲಿಯೂ ಬಂದಿದೆ. ಇಲ್ಲಿ ಕುಳಿತು ಮಾಡಿದ ಕಾಯಕವು ಹೊರಗಿನ ಊರುಗಳ ಹೆಣ್ಣುಮಕ್ಕಳ ಕೈಗೆ ತಲಪುತ್ತಿತ್ತು. ಆ ಅರ್ಥದಲ್ಲಿ ದೂರದವರಿಗಾಗಿ ತಮ್ಮೂರಲ್ಲಿ ಕುಳಿತು ದುಡಿಯುವುದನ್ನು ಮತ್ತೋಡಿನವರು ಈಗ ಹೊಸದಾಗಿ ಕಲಿಯುತ್ತಿಲ್ಲವೆಂದು ನಾನು ತಮಾಷೆಗಾಗಿ ಹೇಳುವುದುಂಟು. ಆ ಕುಲುಮೆಗಳು ಆರಿಹೋದುವು. ಬಳಿಕ ಉಳಿದುದು ತೆಂಗು, ಅಡಕೆ, ರಾಗಿ, ಮತ್ತು ಮಳೆಯನ್ನು ನೆಚ್ಚಿದ ಕೂಲಿ. ಇದೇ ವೇದಾವತಿಗೆ ಕಟ್ಟಿದ, 1907ರಲ್ಲಿ ಮುಗಿದ ವಾಣೀವಿಲಾಸಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತೆಂದರೆ ನಮ್ಮ ಸೀಮೆಯ ಮಳೆಯ ನೆಚ್ಚಿಕೆ ಎಷ್ಟೆಂಬುದನ್ನು ಊಹಿಸಬಹುದು. ಉದ್ಯೋಗ ಖಾತರಿ ಯೋಜನೆಯಲ್ಲಿ 2025–26ರ ಸಾಲಿಗೆ ನಮ್ಮ ರಾಜ್ಯದಲ್ಲಿ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ಕೂಲಿಯು ಇಷ್ಟಿದ್ದಲ್ಲಿ ಸೊಪ್ಪು ಅಗ್ಗ, ಬಾಡಿಗೆ ಅಗ್ಗ, ಕ್ಷೌರ ಅಗ್ಗ, ಮುಸುರೆ ತಿಕ್ಕಿಸಿಕೊಳ್ಳುವುದೂ ಅಗ್ಗ. ಅಂದಮೇಲೆ ಊರಿನ ಅಗ್ಗವು ಬಹುಮಟ್ಟಿಗೆ ಊರವರ ಕೈಗೆ ಬರದೆ ಹೋದ ಹಣವೇ ಹೊರತು ಭೂತಾಯಿಯ ಔದಾರ್ಯವಲ್ಲ.

ಹೀಗೆ ನಾನು ಯೋಚಿಸುತ್ತಿರುವಾಗ ಒಂದೇ ವಾರದಲ್ಲಿ ಎರಡು ಸಂಗತಿಗಳು ನಡೆದುವು.

ಮೊದಲನೆಯದು: ತರುಣನು ಮೋರೆ ಬಾಡಿಸಿಕೊಂಡು ಬಂದನು. ಕಂಪನಿಯು ತನ್ನ ನೌಕರರಿಗೆ ಒಂದು ಓಲೆ ಕಳುಹಿಸಿತ್ತು. ಪಟ್ಟಣವನ್ನು ಬಿಟ್ಟು ಸಣ್ಣ ಊರುಗಳಲ್ಲಿ ಇರುವವರಿಗೆ ಆಯಾ ಊರಿನ ಖರ್ಚಿಗೆ ತಕ್ಕಂತೆ ಸಂಬಳವನ್ನು ಗೊತ್ತುಮಾಡುವ ಆಲೋಚನೆ ಅದರದು. ಅವನ ಸಿಟ್ಟು ನ್ಯಾಯವಾದುದೇ. "ನಾನು ಮಾಡುವ ಕೆಲಸ ಅದೇ ಅಲ್ಲವೇ ಮೇಷ್ಟ್ರೇ? ಬೆಂಗಳೂರಿನಲ್ಲಿ ಕುಳಿತು ಮಾಡಿದರೇನು, ಮತ್ತೋಡಿನಲ್ಲಿ ಕುಳಿತು ಮಾಡಿದರೇನು? ನಾನು ಎಷ್ಟು ಕಡಮೆ ತಿನ್ನುತ್ತೇನೆಂದು ನೋಡಿ ಸಂಬಳ ಕೊಡುವುದು ಯಾವ ಧರ್ಮ?" ಎಂದನು. ಈ ತಕರಾರು ಅವನೊಬ್ಬನದಲ್ಲ. ಅಮೆರಿಕೆಯ ಫೇಸ್‌ಬುಕ್ ಸಂಸ್ಥೆಯ ಮುಖ್ಯಸ್ಥನು 2020ರ ಮೇ ತಿಂಗಳಿನಲ್ಲಿಯೇ, ಖರ್ಚು ಕಡಮೆಯಿರುವ ಊರಿಗೆ ಹೋಗಿ ನೆಲಸುವ ನೌಕರರ ಸಂಬಳವನ್ನು ಅಲ್ಲಿಗೆ ಹೊಂದಿಸಲಾಗುವುದೆಂದು ಸಾರಿದ್ದನು. ಅಂದಿನಿಂದ ಲೋಕದಲ್ಲೆಲ್ಲ ಈ ವಾದವು ನಡೆದೇ ಇದೆ.

ಎರಡನೆಯದು ಅದಾದ ಮೂರು ದಿನಕ್ಕೆ. ಮುಸುರೆ ತಿಕ್ಕುವ ಹೆಂಗಸು ತಿಂಗಳಿಗೆ 300 ರೂಪಾಯಿ ಹೆಚ್ಚು ಮಾಡಿರೆಂದು ಕೇಳಿದಳು. ನಾನು ಆಗ ಅವರ ಜಗಲಿಯ ಮೇಲೆಯೇ ಕುಳಿತಿದ್ದೆನು. ತರುಣನು ಸಿಡುಕಲಿಲ್ಲ, ಮೆತ್ತಗೆಯೇ ಹೇಳಿದನು: "ಅಕ್ಕಾ, ಬೆಂಗಳೂರಾಗಿದ್ದರೆ ಮಾತು ಬೇರೆ. ಇಲ್ಲಿ ಎಲ್ಲರ ಮನೆಯಲ್ಲೂ ಇಷ್ಟೇ ಅಲ್ಲವೇ ಕೊಡುವುದು? ನಿನಗೂ ಇಲ್ಲಿ ಅಷ್ಟೇನು ಖರ್ಚು ಬರುತ್ತದೆ?"

ಆಕೆ ಸೆರಗಿಗೆ ಕೈಯೊರಸಿಕೊಂಡು ಸುಮ್ಮನೆ ಹೋದಳು. ತಾನು ಏನು ಹೇಳಿದೆನೆಂಬುದು ಅವನಿಗೆ ಹೊಳೆಯಲಿಲ್ಲ. ಕಂಪನಿಯು ಅವನ ಕಿವಿಯಲ್ಲಿ ಆಡಿದ ಮಾತನ್ನೇ ಅವನು ಆಕೆಯ ಕಿವಿಯಲ್ಲಿ ಆಡಿದ್ದನು, ಒಂದಕ್ಷರವೂ ಬದಲಾಗದಂತೆ. ಹಿಂದಿನ ಧಾನ್ಯದ ವರ್ತಕರಲ್ಲಿ ಕೆಲವರು ಎರಡು ಕೊಳಗಗಳನ್ನು ಇರಿಸಿಕೊಳ್ಳುತ್ತಿದ್ದರಂತೆ. ರೈತನಿಂದ ಅಳೆದುಕೊಳ್ಳುವಾಗ ದೊಡ್ಡದು, ಗಿರಾಕಿಗೆ ಅಳೆದುಕೊಡುವಾಗ ಚಿಕ್ಕದು. ನಮ್ಮ ತರುಣನು ಮೋಸಗಾರನೆಂದು ಯಾರೂ ಎಣಿಸಬಾರದು. ಆದರೆ ಅವನ ಕೈಯಲ್ಲಿಯೂ ಕೊಳಗಗಳು ಎರಡಾಗಿದ್ದುವು. ತನ್ನ ದುಡಿಮೆಯನ್ನು ಮಾರುವಾಗ ಬೆಂಗಳೂರಿನ ಕೊಳಗ, ಇನ್ನೊಬ್ಬರ ದುಡಿಮೆಯನ್ನು ಕೊಳ್ಳುವಾಗ ಮತ್ತೋಡಿನ ಕೊಳಗ. ಇವೆರಡರ ನಡುವಣ ಅಂತರವೇ ಅವನ ಪುಸ್ತಕದಲ್ಲಿ ಉಳಿತಾಯವೆಂದು ಕಾಣುತ್ತಿದ್ದ ಹಣ. ಅದಕ್ಕೆ ಅವನು ಕೊಟ್ಟ ಹೆಸರು ಸರಳತೆ.

ಇಲ್ಲಿಯೇ ಅಗ್ಗಕ್ಕೂ ಸರಳತೆಗೂ ಇರುವ ಭೇದವು ತೋರುವುದು. ಸರಳವಾಗಿ ಬಾಳುವವನು ತನ್ನ ಬೇಕುಗಳನ್ನು ಕಡಮೆ ಮಾಡಿಕೊಳ್ಳುವನು. ಅಗ್ಗವಾಗಿ ಬಾಳುವವನ ಬೇಕುಗಳು ಇದ್ದಂತೆಯೇ ಇದ್ದು, ಅವುಗಳಿಗಾಗಿ ಇತರರಿಗೆ ಸಲ್ಲುವ ಹಣವು ಕಡಮೆಯಾಗುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಬ್ಬರ ಲೆಕ್ಕದಲ್ಲಿಯೂ 11,000 ರೂಪಾಯಿ ಎಂದೇ ಬರೆದಿರಬಹುದು. ಇದನ್ನು ಪರೀಕ್ಷಿಸುವ ಬಗೆಯೊಂದುಂಟು. ನಾಳೆ ಊರವರೆಲ್ಲರ ಕೂಲಿ ಇಮ್ಮಡಿಯಾಯಿತೆಂದು ಭಾವಿಸೋಣ. ಆಗ ಸರಳನು ಊರವರಿಗೆ ಒಳ್ಳೆಯದಾಯಿತೆಂದು ಹಿಗ್ಗಿ ತನ್ನದನ್ನು ಇನ್ನಷ್ಟು ಬಿಗಿಹಿಡಿದಾನು. ಅಗ್ಗವನ್ನರಸಿ ಬಂದವನು ಗಂಟುಮೂಟೆ ಕಟ್ಟಿ ಮತ್ತೊಂದು ಅಗ್ಗದ ಊರನ್ನು ಹುಡುಕಿಯಾನು.

ನೆರೆಯ ಸಿಂಹಳದ ಉದಾಹರಣೆಯು ಇದನ್ನು ಇನ್ನೂ ಸ್ಪಷ್ಟಪಡಿಸುವುದು. 2022ರ ಮಾರ್ಚ್ ತಿಂಗಳ ಮೊದಲಲ್ಲಿ ಅಲ್ಲಿ ಒಂದು ಡಾಲರಿಗೆ ಸುಮಾರು 200 ರೂಪಾಯಿಗಳಿದ್ದುದು ಮೇ ತಿಂಗಳ ಹೊತ್ತಿಗೆ 360ಕ್ಕೆ ಇಳಿಯಿತು. ಡಾಲರಿನಲ್ಲಿ ಸಂಬಳ ಬರುವ ಹೊರದೇಶದವನು ಕೊಲಂಬೋ ನಗರದಲ್ಲಿ ಕುಳಿತು ಕೆಲಸ ಮಾಡುತ್ತಿದ್ದರೆ ಅವನ ಕೈಗೆ ಹೆಚ್ಚುಕಡಮೆ ಒಂದೂಮುಕ್ಕಾಲು ಪಾಲು ಅಲ್ಲಿಯ ಹಣ ಬಂದಂತಾಯಿತು. ಅದೇ ತಿಂಗಳುಗಳಲ್ಲಿ ಆ ನಗರದ ಜನರು ಅಡುಗೆಯ ಅನಿಲಕ್ಕಾಗಿ, ಪೆಟ್ರೋಲಿಗಾಗಿ ಹಗಲಿರುಳು ಸಾಲುಗಟ್ಟಿ ನಿಂತಿದ್ದರು. ಊರವರ ವಿಪತ್ತೇ ಪರಸ್ಥಳದವನಿಗೆ ಸವಲತ್ತಾಗಿ ಪರಿಣಮಿಸಿತು. ಅವನು ಆ ವಿಪತ್ತನ್ನು ಉಂಟುಮಾಡಿದವನಲ್ಲ, ಯಾರನ್ನೂ ದೋಚಿದವನಲ್ಲ. ಆದರೂ ತನ್ನ ದಿನಚರಿಯಲ್ಲಿ 'ಈ ತಿಂಗಳು ಸರಳವಾಗಿ ಕಳೆಯಿತು' ಎಂದು ಅವನು ಬರೆದುಕೊಂಡರೆ ಓದುವವರಿಗೆ ಹೇಗಿದ್ದೀತು?

ಈಗ ನಮ್ಮ ಶರಣರ ಕಡೆಗೆ ತಿರುಗೋಣ. ಆಯ್ದಕ್ಕಿ ಮಾರಯ್ಯನ ಪ್ರಸಂಗವು ಎಲ್ಲರಿಗೂ ಗೊತ್ತಿರುವುದೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಸುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಪತ್ನಿಯಾದ ಲಕ್ಕಮ್ಮನು ಅದನ್ನು ಒಳಗೆ ಇರಿಸಗೊಡಲಿಲ್ಲ. ಎಲ್ಲಿಂದ ಬಂದಿತೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದಳು. ಈ ಪ್ರಸಂಗವನ್ನು ಆಸೆ ಕೂಡದೆಂಬ ನೀತಿಗೆ ನಿದರ್ಶನವಾಗಿ ಹೇಳಿ ಮುಗಿಸುವುದು ವಾಡಿಕೆ. ಆದರೆ ಒಂದಂಶವನ್ನು ಗಮನಿಸಬೇಕು. ಆ ಅಕ್ಕಿಯು ಕದ್ದುದಲ್ಲ, ಬೇಡಿ ತಂದುದೂ ಅಲ್ಲ. ಚೆಲ್ಲಿದುದನ್ನು ಆಯ್ದುದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಯಾವ ನ್ಯಾಯಸ್ಥಾನದಲ್ಲಿಯೂ ಮಾರಯ್ಯನು ತಪ್ಪಿತಸ್ಥನಾಗುತ್ತಿರಲಿಲ್ಲ. ಆದರೂ ಲಕ್ಕಮ್ಮನು ಒಪ್ಪಲಿಲ್ಲ. 'ದೊರೆಯಿತು, ಆದುದರಿಂದ ತಂದೆನು' ಎಂಬುದು ಆಕೆಗೆ ಕಾರಣವೆಂದೇ ತೋರಲಿಲ್ಲ. ನಮ್ಮ ತರುಣನಾದರೂ ಹೇಳುವುದು ಇದನ್ನೇ: 'ಈ ಊರಿನಲ್ಲಿ ಇಷ್ಟಕ್ಕೆ ದೊರೆಯುತ್ತದೆ, ಆದುದರಿಂದ ಇಷ್ಟು ಕೊಟ್ಟೆನು.'

ಮೋಳಿಗೆಯ ಮಾರಯ್ಯನ ಚರಿತ್ರೆಯು ಇದಕ್ಕಿಂತಲೂ ಹತ್ತಿರದ್ದು. ಕಾಶ್ಮೀರದ ಅರಸನಾಗಿದ್ದವನು ಸಿರಿಯನ್ನು ತೊರೆದು ಪತ್ನಿಯೊಡನೆ ದೂರದ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆಯನ್ನು ಮಾರಿ ಬಾಳಿದನೆಂದು ಸಂಪ್ರದಾಯವು ಹೇಳುವುದು. ಆತನೂ ಬೇರೊಂದು ನಾಡಿನಿಂದ ಬಂದು ಕಡಮೆ ಖರ್ಚಿನಲ್ಲಿ ಬಾಳಿದವನೇ. ಆದರೆ ಆತನ ಕೊಳಗವು ಒಂದೇ. ಕಲ್ಯಾಣದ ಕಟ್ಟಿಗೆಯವನಿಗೆ ಹೊರೆಯೊಂದಕ್ಕೆ ಎಷ್ಟು ಸಲ್ಲುತ್ತಿತ್ತೋ ಆತನಿಗೂ ಅಷ್ಟೇ. ಆತನ ಮನೆಯ ಅಂಬಲಿಯು ನೆರೆಮನೆಯ ಅಂಬಲಿಯಷ್ಟೇ ತೆಳ್ಳಗೆ. ಕಾಶ್ಮೀರದ ಬೊಕ್ಕಸದಿಂದ ತಿಂಗಳು ತಿಂಗಳಿಗೆ ಹಣ ಬರುತ್ತಿದ್ದು, ಆತನು ಕಟ್ಟಿಗೆಯನ್ನು ವಿನೋದಕ್ಕೆ ಹೊರುತ್ತಿದ್ದರೆ ನಾವು ಇಂದು ಆತನ ಹೆಸರನ್ನು ನೆನೆಯುತ್ತಿದ್ದೆವೆ?

ಹಾಗೆಂದು ಊರಿಗೆ ಮರಳಿದ ತರುಣರೆಲ್ಲರೂ ಸಂಬಳವನ್ನು ಬಿಟ್ಟು ಕಟ್ಟಿಗೆ ಹೊರಲಿ ಎಂದು ನಾನು ಹೇಳುತ್ತಿಲ್ಲ. ಅದು ನನ್ನಿಂದಲೂ ಆಗದು. ಪಿಂಚಣಿಯು ಒಂದು ವಾರ ತಡವಾದರೆ ಚಡಪಡಿಸುವವನು ನಾನು. ದೂರದಲ್ಲಿ ಕುಳಿತು ಮಾಡುವ ಕಾಯಕವೂ ಕಾಯಕವೇ ಸರಿ. ಅದರ ಪೂರ್ತಿ ಫಲವನ್ನು ಅವನು ಕೇಳಲಿ, ಕಂಪನಿಯೊಡನೆ ವಾದಿಸಲಿ. ಆ ವಾದದಲ್ಲಿ ನಾನು ಅವನ ಪಕ್ಷವೇ. ನನ್ನ ಮಾತಿಷ್ಟೇ: ಆ ವಾದವು ಅವನ ಕೋಣೆಯ ಬಾಗಿಲಿನಲ್ಲಿ ನಿಂತುಬಿಡಕೂಡದು, ಮುಸುರೆ ತಿಕ್ಕುವ ಕಲ್ಲಿನ ತನಕವೂ ಹೋಗಬೇಕು.

ಒಂದು ದಿನ ನಾನು ಇದನ್ನು ಅವನಿಗೆ ಹೇಳಿಯೇಬಿಟ್ಟೆನು. ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದನು. ಉತ್ತರ ಕೊಟ್ಟವರು ಅವನ ತಂದೆ. "ಮೇಷ್ಟ್ರೇ, ನೀವು ಹೇಳುವುದು ಧರ್ಮವೇ. ಇವನಿಗೆ ಶಕ್ತಿಯಿದೆ, ಇವನು ಕೊಟ್ಟಾನು. ನಾಳೆ ನನ್ನ ತೋಟದಲ್ಲಿ ಕಾಯಿ ಕೆಡಹುವವನು, ಸುಲಿಯುವವನು ಅದೇ ಲೆಕ್ಕ ಕೇಳಿದರೆ ನಾನೆಲ್ಲಿಂದ ತರಲಿ? ಎರಡೆಕರೆಯವನು ಆಳಿಲ್ಲದೆ ತೋಟ ಒಣಗಿಸಬೇಕೇನು?" ಎಂದರು.

ಈ ಆಕ್ಷೇಪಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಇಂದಿಗೂ ಪೂರ್ತಿಯಾಗಿ ಇಲ್ಲ. ಹೊರಗಿನ ಹಣವು ಒಂದು ಮನೆಗೆ ಬಂದು ಊರಿನ ದರವನ್ನೆಲ್ಲ ಏರಿಸಿದರೆ ನೋಯುವವರು ಹಣವಿಲ್ಲದ ಸಣ್ಣ ಹಿಡುವಳಿಯವರೇ. ಗೋವೆಯ ಕಡಲತೀರದ ಹಳ್ಳಿಗಳಲ್ಲಿ ಪರಸ್ಥಳದವರು ಬಂದು ನೆಲಸಿದ ಮೇಲೆ ಊರವರಿಗೇ ಬಾಡಿಗೆಯ ಮನೆ ಎಟುಕದಂತಾಗಿದೆಯೆಂಬ ದೂರನ್ನು ನಾವು ಕೇಳಿದ್ದೇವೆ. ಇನ್ನೊಂದು ಕಡೆ, ದರವು ಏರೀತೆಂಬ ಭಯದಿಂದ ಬಡವಳಿಗೆ ಕೊಡಬೇಕಾದುದನ್ನು ತಡೆಹಿಡಿಯುವುದೆಂದರೆ ರೈತನ ಕಷ್ಟದ ಭಾರವನ್ನು ಅವನಿಗಿಂತಲೂ ಬಡವರ ತಲೆಯ ಮೇಲೆ ಹೊರಿಸಿದಂತೆ. ತೋಟದವನಿಗೂ ಆಳಿಗೂ ನಡುವಣ ಲೆಕ್ಕವು ತೆಂಗಿನ ಬೆಲೆಯ ಮೇಲೆ ನಿಲ್ಲುವುದು. ಎರಡೂ ಮತ್ತೋಡಿನ ಕೊಳಗದಲ್ಲಿಯೇ ಅಳೆಯುವಂತಹವು. ಮಗನದು ಹಾಗಲ್ಲ. ತಂದೆಯ ಬಡತನವನ್ನು ಮಗನು ತನ್ನ ಕೈಬಿಗಿತಕ್ಕೆ ಜಾಮೀನಾಗಿ ತರಲಾಗದೆಂದು ನನಗೆ ತೋರುವುದು. ಇಷ್ಟನ್ನು ಹೇಳಿದೆನು. ಅವರು ಒಪ್ಪಿದರೆಂದು ಹೇಳಲಾರೆ.

"ಹಾಗಾದರೆ ಎಷ್ಟು ಕೊಡಲಿ ಮೇಷ್ಟ್ರೇ?" ಎಂದು ಕೊನೆಗೆ ತರುಣನು ಕೇಳಿದನು.

ಅದನ್ನು ನನ್ನನ್ನು ಕೇಳಬಾರದು, ಆಕೆಯನ್ನೇ ಕೇಳು ಎಂದೆನು. ದಾಸೋಹವೆಂದರೆ ಕೊಡುವವನು ತನ್ನ ಮನಸ್ಸಿಗೆ ಬಂದಷ್ಟನ್ನು ನಿಶ್ಚಯಿಸಿ ಎಸೆಯುವುದಲ್ಲ. ಅದರಲ್ಲಿ ಕೊಡುವವನು ತಗ್ಗಿ ಕೇಳಬೇಕು. ಅವನಿಗೆ ಇದು ಸಂಕೋಚವಾಯಿತೆಂದು ತೋರುತ್ತದೆ. ಎರಡು ದಿನ ಬಿಟ್ಟು, ತಾಯಿಯನ್ನು ಮುಂದಿಟ್ಟುಕೊಂಡು ಕೇಳಿದನಂತೆ.

ಆಕೆ ಹೇಳಿದುದನ್ನು ಆ ತಾಯಿಯೇ ನನಗೆ ತಿಳಿಸಿದರು. "ಮುನ್ನೂರು ಕೊಡ್ರಿ ಸಾಕು, ಅದಕ್ಕಿಂತ ಮೇಲೆ ಬ್ಯಾಡ. ಉಳಿದ ಮನೆಯವರು ಕೇಳಿದರೆ ನನ್ನ ಬಿಡಿಸಿಬಿಟ್ಟಾರು. ಆದರೆ ನೀವು ಬೆಂಗಳೂರಿಗೆ ಹೋಗಿ ಹತ್ತು ದಿನ ಮನೆಗೆ ಬೀಗ ಹಾಕ್ತೀರಲ್ಲ, ಆ ಹತ್ತು ದಿನದ ದುಡ್ಡು ಹಿಡೀಬ್ಯಾಡ್ರಿ. ಆವತ್ತೂ ನಮ್ಮನೇಲಿ ಒಲೆ ಹಚ್ಚಬೇಕು" ಎಂದಳಂತೆ. ತರುಣನು ತನ್ನ ಲೆಕ್ಕದ ಪುಸ್ತಕವನ್ನು ತೆರೆದು ಹಿಂದಿನ ವರ್ಷಗಳಲ್ಲಿ ಹಾಗೆ ಹಿಡಿದ ದಿನಗಳನ್ನು ಎಣಿಸಿದನು. ಎಲ್ಲವೂ ಅಚ್ಚುಕಟ್ಟಾಗಿ, ತಾರೀಕಿನ ಸಮೇತ ಬರೆದಿದ್ದುವು.

ಸಂಬಳದ ವಿಚಾರದಲ್ಲಿ ಕಂಪನಿಯು ಇನ್ನೂ ಏನನ್ನೂ ತೀರ್ಮಾನಿಸಿಲ್ಲ. ಕಳೆದ ತಿಂಗಳು ಮನೆಯವರೆಲ್ಲ ಬೆಂಗಳೂರಿನ ನೆಂಟರಲ್ಲಿಗೆ ಮದುವೆಗೆಂದು ಹೋಗಿದ್ದರು. ನಾನು ಬೆಳಗ್ಗೆ ಆ ದಾರಿಯಲ್ಲಿ ಹೋಗುವಾಗ ಬಾಗಿಲಿಗೆ ಬೀಗ ಹಾಕಿತ್ತು. ಆಕೆ ಹೊರಗಿನ ಅಂಗಳವನ್ನು ಗುಡಿಸಿ ನೀರು ಚಿಮುಕಿಸುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲವಲ್ಲಮ್ಮ, ಏಕೆ ಬಂದೆ ಎಂದು ಕೇಳಿದೆನು.

"ಸಂಬಳ ಐತಲ್ಲ ಸಾಮಿ" ಎಂದಳು.